ಒಂದೇ ಡಿಎನ್‌ಎ ಇದ್ರೂ ಇಲಿ ಭ್ರೂಣದ ಮೆದುಳಲ್ಲಿ ಬೇರೆ ಬೇರೆ ಭಾಗ ಹೇಗೆ ಆಗುತ್ತೆ?

ಎಲ್ಲಾ ಕೋಶದಲ್ಲೂ ಒಂದೇ ಡಿಎನ್‌ಎ ಇರೋವಾಗ ಮೆದುಳಿನ ಯಾವ ಭಾಗ ಎಲ್ಲಿ ಬರ್ಬೇಕು ಅಂತ ತೀರ್ಮಾನ ಮಾಡೋದು ಯಾರು, ಮನುಷ್ಯರಲ್ಲೂ ಹೀಗೇನಾ ಅಂತ ಕೇಳಿದೀರ. ನಾನು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ, ನನಗೆ ತುಂಬಾ ಇಷ್ಟವಾದ ವಿಷಯ ಇದು.

ಭ್ರೂಣದ ಕೆಲವು ಜಾಗದ ಕೋಶಗಳು ಸಿಗ್ನಲ್ ಪ್ರೋಟೀನ್ ಬಿಡ್ತವೆ. ಊದಿನಕಡ್ಡಿ ವಾಸನೆ ಥರ, ಹತ್ರ ಇದ್ದವರಿಗೆ ಜಾಸ್ತಿ, ದೂರ ಇದ್ದವರಿಗೆ ಕಮ್ಮಿ, ಎಷ್ಟು ಸಿಕ್ತು ಅನ್ನೋದರ ಮೇಲೆ ಕೋಶದೊಳಗೆ ಬೇರೆ ಬೇರೆ ಜೀನ್ ಆನ್ ಆಗುತ್ತೆ. ಮೆದುಳಿನ ಕೆಳಗಡೆಯಿಂದ ಬರೋದು ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಸಿಗ್ನಲ್ ಪ್ರೋಟೀನ್. 1996ರಲ್ಲಿ ಅದನ್ನ ಮಾಡೋ ಜೀನ್ ತೆಗೆದ ಇಲಿ ಭ್ರೂಣಗಳನ್ನ ನೋಡಿದಾಗ ಮುಂಭಾಗದ ಮೆದುಳು ಎಡ ಬಲ ಅಂತ ಎರಡಾಗಿರಲೇ ಇಲ್ಲ, ಕಣ್ಣೂ ಬೇರೆಯಾಗಿರಲಿಲ್ಲ.

ಆದ್ರೆ ಸಿಗ್ನಲ್ ಒಂದೇ ಸಾಲದು, ಅದನ್ನ ಪಡೆಯೋ ಕೋಶ ಯಾವುದು ಅನ್ನೋದೂ ಅಷ್ಟೇ ಮುಖ್ಯ, ಇದನ್ನ ಜನ ಮರೀತಾರೆ. ನೆನಪಿನ ಶಕ್ತಿಗೆ ಬೇಕಾದ ಹಿಪೊಕ್ಯಾಂಪಸ್ ತಗೊಳ್ಳಿ. ಅದರ ಪಕ್ಕದಲ್ಲೇ ಕಾರ್ಟಿಕಲ್ ಹೆಮ್ ಅಂತ ಒಂದು ಸಣ್ಣ ಪಟ್ಟಿ ಇದೆ, ಅಲ್ಲಿಂದ ಬರೋ ವಿಂಟ್3ಎ ಅನ್ನೋ ಸಿಗ್ನಲ್ ಇಲ್ಲದಿದ್ರೆ ಇಲಿಗೆ ಹಿಪೊಕ್ಯಾಂಪಸ್ಸೇ ಸರಿಯಾಗಿ ಬೆಳೆಯಲ್ಲ. ಮುಂಬೈನ ಟಿಐಎಫ್ಆರ್ ಅನ್ನೋ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಶುಭಾ ತೊಳೆ ಅವರ ತಂಡ 2008ರಲ್ಲಿ ತೋರಿಸಿದ್ದು ಇದಕ್ಕಿಂತ ಚೆನ್ನಾಗಿದೆ. ಎಲ್‌ಎಚ್‌ಎಕ್ಸ್2 ಅನ್ನೋ ಜೀನ್ ಇಲ್ಲದ ಕೋಶಗಳು ಅಲ್ಲಲ್ಲಿ ತೇಪೆ ತೇಪೆಯಾಗಿ ಇರೋ ಇಲಿ ಭ್ರೂಣ ಮಾಡಿದ್ರು, ಆ ತೇಪೆಗಳು ಕಾರ್ಟೆಕ್ಸ್ (ಮೆದುಳಿನ ಹೊರಪದರ) ಆಗೋದು ಬಿಟ್ಟು ಹೆಮ್ ಆಗಿಬಿಟ್ವು, ಅವುಗಳ ಪಕ್ಕದಲ್ಲಿದ್ದ, ಆ ಜೀನ್ ಇರೋ ಮಾಮೂಲಿ ಕೋಶಗಳು ಆ ಸಿಗ್ನಲ್ ಸಿಕ್ಕಿ ಹಿಪೊಕ್ಯಾಂಪಸ್ ಆದ್ವು, ಅಂದ್ರೆ ಒಂದೊಂದು ಪಕ್ಕಕ್ಕೆ ಒಂದೇ ಇರಬೇಕಾದ ಕಡೆ ಹಲವು ಹಿಪೊಕ್ಯಾಂಪಸ್! ಇದೂ ಯಾವಾಗ ಬೇಕಾದ್ರೂ ಆಗಲ್ಲ, ಇಲಿಯ ಹತ್ತೊಂಬತ್ತು ಇಪ್ಪತ್ತು ದಿನದ ಗರ್ಭಾವಧಿಯಲ್ಲಿ ಸುಮಾರು ಹತ್ತೂವರೆ ದಿನ ಕಳೆದ ಮೇಲೆ ಆ ಜೀನ್ ತೆಗೆದ್ರೆ ಹೆಮ್ ಆಗಲ್ಲ. ಈ ಪ್ರಯೋಗದ ಚಿತ್ರಗಳನ್ನ ದಯವಿಟ್ಟು ಹುಡುಕಿ ನೋಡಿ.

ಮನುಷ್ಯರಲ್ಲೂ ಮೂಲ ವ್ಯವಸ್ಥೆ ಇದೇ, ಆದ್ರೆ ಅಳತೆ ಬೇರೆ. ಸೋನಿಕ್ ಹೆಡ್ಜ್‌ಹಾಗ್ ಜೀನ್‌ನ ಎರಡು ಪ್ರತಿಯಲ್ಲಿ ಒಂದು ಹೋದ್ರೂ ಇಲಿ ಸಾಮಾನ್ಯವಾಗಿ ಆರಾಮಾಗಿರುತ್ತೆ, ಮನುಷ್ಯರಿಗೆ ಒಂದು ಕೆಟ್ರೂ ತೊಂದರೆ ಆಗಬಹುದು, ಅದೂ ಒಂದೇ ಮನೆಯಲ್ಲಿ ಒಬ್ಬರಿಗೆ ಮೆದುಳು ಎರಡಾಗದೇ ಹೋಗಿದ್ರೆ ಇನ್ನೊಬ್ಬರಿಗೆ ಮೇಲಿನ ಎರಡು ಮುಂಬಲ್ಲಿನ ಬದಲು ನಡುವೆ ಒಂದೇ ಹಲ್ಲು ಇರಬಹುದು ಅಷ್ಟೇ.