ಮೂರು ಪುಟದ ಸಂಕಟ ಬೇಡ, ಒಂದು ಪುಟದ ಲೆಕ್ಕ ಕಳುಹಿಸಿ

ಹುಬ್ಬಳ್ಳಿಯಲ್ಲಿ ಸಣ್ಣ ಆಫ್‌ಸೆಟ್ ಮುದ್ರಣಾಲಯ ನಡೆಸುವ ಓದುಗರೊಬ್ಬರ ಪತ್ರ: ‘ಮಸಾಲೆ ಪುಡಿ ತಯಾರಿಸುವ ಕಂಪನಿಯೊಂದಕ್ಕೆ ಪೆಟ್ಟಿಗೆಗಳನ್ನು ಮುದ್ರಿಸಿಕೊಟ್ಟು ಎರಡೂವರೆ ವರ್ಷವಾಯಿತು. 1,84,000 ರೂಪಾಯಿ ಬಾಕಿ. ಕೇಳಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಾರೆ. ಕೊನೆಗೆ ತಗಾದೆ ಪತ್ರ ಬರೆದಿದ್ದೇನೆ. ತಿದ್ದಿಕೊಡುತ್ತೀರಾ?’

ಸಂಪಾದಕರ ಉತ್ತರ:

ಮೂರು ಪುಟಗಳಲ್ಲಿ ಎರಡೂವರೆ ಪುಟಕ್ಕೆ ಗೀಟು ಎಳೆದಿದ್ದೇನೆ, ಬೇಸರಿಸಬೇಡಿ. ಮಗಳ ಕಾಲೇಜು ಶುಲ್ಕ, ಕಾಗದದ ವ್ಯಾಪಾರಿಯ ಕಾಟ, ‘ನಿಮ್ಮಂಥ ದೊಡ್ಡವರಿಗೆ ಇದು ಶೋಭೆಯೇ’ ಎಂಬ ಪ್ರಶ್ನೆ, ಎಲ್ಲವೂ ನಿಜವೇ. ಆದರೆ ಅದನ್ನೆಲ್ಲ ಕಂಪನಿಯವರು ಫೋನಿನಲ್ಲೇ ಕೇಳಿ ಜೀರ್ಣಿಸಿಕೊಂಡಿದ್ದಾರೆ. ಈ ಪತ್ರವನ್ನು ನಿಜವಾಗಿ ಓದಬೇಕಾದವರು ಬೇರೆ: ನಾಳೆ ವ್ಯಾಜ್ಯವಾದರೆ ಕಡತ ಬಿಚ್ಚುವ, ನಿಮ್ಮಿಬ್ಬರ ಮುಖವನ್ನೂ ಕಾಣದ ಅಧಿಕಾರಿ. ಆರ್ಡರ್ ಬಂದ ದಿನ, ಸರಕು ತಲುಪಿದ ದಿನ, ಬಿಲ್ ಸಂಖ್ಯೆ, ಬಂದ ಹಣ, ಉಳಿದ ಬಾಕಿ ಇಷ್ಟು ಅವರಿಗೆ ಒಂದೇ ನೋಟಕ್ಕೆ ಸಿಗಬೇಕು. ‘ಆದಷ್ಟು ಬೇಗ’ ಎಂಬುದನ್ನು ಅಳಿಸಿ, ಹಣ ಸೇರಬೇಕಾದ ದಿನಾಂಕವನ್ನೇ ಬರೆಯಿರಿ. ಕಂಪನಿಯವರ ಸಹಿ, ಸೀಲು ಇರುವ ಡೆಲಿವರಿ ಚಲನ್‌ನ ಪ್ರತಿಯನ್ನು ಲಗತ್ತಿಸಿ. ‘ಪೊಲೀಸರನ್ನು ಕರೆಸಿ ಮಾನ ಕಳೆಯುತ್ತೇನೆ’ ಎಂಬ ಸಾಲು ನಿಮಗೇ ತಿರುಗುಬಾಣವಾದೀತು, ತೆಗೆದುಬಿಡಿ.

ಬೆದರಿಕೆಗಿಂತ ಗಟ್ಟಿಯಾದದ್ದು ಕಾನೂನಿನಲ್ಲೇ ಇದೆ. ಸರಕು ಕೊಡುವ ಮೊದಲೇ ನಿಮ್ಮ ಮುದ್ರಣಾಲಯದ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಆಗಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ ಖರೀದಿದಾರರು ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಲೆಕ್ಕ ಹಾಕುವ ಚಕ್ರಬಡ್ಡಿ. ನೋಂದಣಿ ಸಂಖ್ಯೆಯನ್ನೂ ಬಡ್ಡಿಯ ಮೊತ್ತವನ್ನೂ ಪತ್ರದಲ್ಲಿ ಕಾಣಿಸಿ. ಗಡುವು ದಾಟಿದರೆ ಇಂಥ ಬಾಕಿ ವ್ಯಾಜ್ಯಗಳನ್ನು ಇತ್ಯರ್ಥಪಡಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುವುದಾಗಿ ಒಂದು ಸಾಲು ಸೇರಿಸಿ. ಮಾಲೀಕರು ಓದದಿದ್ದರೂ ಅವರ ಲೆಕ್ಕಪರಿಶೋಧಕರು ಖಂಡಿತ ಓದುತ್ತಾರೆ.

ನನ್ನನ್ನು ಗಾಬರಿಗೊಳಿಸಿದ್ದು ನಿಮ್ಮ ‘ಎರಡೂವರೆ ವರ್ಷ’. ಇಂಥ ಬಾಕಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ ಮಾತ್ರ. ನೀವು ಎಷ್ಟು ತಗಾದೆ ಪತ್ರ ಬರೆದರೂ ಆ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಅವರು ಬರೆದರೆ ಬೆಳೆಯುತ್ತದೆ! ಅವಧಿ ಮುಗಿಯುವುದರೊಳಗೆ ‘ಇಷ್ಟು ಬಾಕಿ ಕೊಡುವುದಿದೆ’ ಎಂದು ಅವರು ಸಹಿ ಹಾಕಿ ಒಪ್ಪಿಕೊಂಡರೆ ಅಂದಿನಿಂದ ಹೊಸದಾಗಿ ಮೂರು ವರ್ಷ. ಆದ್ದರಿಂದ ಪತ್ರದ ಜೊತೆ ಬಾಕಿ ದೃಢೀಕರಣದ ಹಾಳೆಯೊಂದನ್ನು ಇಡಿ; ಕಂತಿನಲ್ಲಿ ಕೊಡುತ್ತೇವೆ ಎಂದರೆ ಅದನ್ನೂ ಬರೆಸಿಕೊಳ್ಳಿ. ಹಣ ಇಂದೇ ಬರದಿದ್ದರೂ ಆ ಸಹಿ ಬಂದರೆ ಅರ್ಧ ಗೆದ್ದಂತೆ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ದಾರಿಯೇ ಬೇರೆ: ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಹಣ ಕಟ್ಟಲು ಅವರಿಗೆ 15 ದಿನ ಸಿಗುತ್ತದೆ. ಆ ನೋಟಿಸನ್ನು ವಕೀಲರಿಂದಲೇ ಬರೆಸಿ.

ಪತ್ರವನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಿ, ಇ-ಮೇಲ್‌ನಲ್ಲೂ ಹಾಕಿ. ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬಂದರೆ ಅದನ್ನು ಒಡೆಯದೆ ಹಾಗೆಯೇ ವಕೀಲರ ಕೈಗೆ ಕೊಡಿ.