ಕಲಬುರಗಿಯಲ್ಲಿ ಒಳ್ಳೆ ಊಟ ಎಲ್ಲಿ ಅಂತ ಕೇಳಿದವರಿಗೆ: ಹೋಟೆಲ್ ಆಮೇಲೆ, ಮೊದಲು ಹೊತ್ತು ನೋಡಿ

ನಮಸ್ಕಾರ್ರೀ. ಬೆಂಗಳೂರಿನಿಂದ ಕಲಬುರಗಿಗೆ ವರ್ಗವಾಗಿದೆ ಅಂದಿದ್ದೀರಿ. ನಿಮ್ಮ ಮನೆಯವರು ಸಸ್ಯಾಹಾರಿ, ನೀವು ಎಲ್ಲವನ್ನೂ ತಿನ್ನುವವರು, ಏಳು ವರ್ಷದ ಮಗಳಿಗೆ ಖಾರ ಆಗೋದಿಲ್ಲ. ಫೋನಿನಲ್ಲಿ ಹುಡುಕಿದರೆ ಬರೀ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾದ ಹೋಟೆಲುಗಳೇ ಬರ್ತಿವೆ, ಊರಿನ ಊಟ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಬ್ರಹ್ಮಪುರದಲ್ಲಿ ಹುಟ್ಟಿ ಬೆಳೆದವನು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರಲ್ಲಿ ಯಾವ ಹೋಟೆಲ್ ಅನ್ನೋದಕ್ಕಿಂತ ಯಾವ ಹೊತ್ತು ಅನ್ನೋದು ಮುಖ್ಯ. ತಹರಿ, ಅಂದರೆ ಮಾಂಸ ಹಾಕಿದ ಮಸಾಲೆ ಅನ್ನ, ಬೆಳಗಿನದು. ಹನ್ನೆರಡು ಗಂಟೆಗೆ ಹೋಗಿ ಕೇಳಿದರೆ ಹಂಡೆ ತೊಳೆದು ಬೋರಲು ಹಾಕಿರ್ತಾರೆ. ಬಿಸಿ ರೊಟ್ಟಿ ಬೇಕಂದರೆ ಮಧ್ಯಾಹ್ನ ಊಟದ ಭರಾಟೆ ಇರುವಾಗಲೇ ಖಾನಾವಳಿಯಲ್ಲಿ ಕೂತಿರಬೇಕು. ಮಿರ್ಚಿ ಭಜಿಗೆ ಸಂಜೆಯೇ ಆಗಬೇಕು. ಇನ್ನು ಕೆಲವು ಪದಾರ್ಥಗಳಿಗೆ ಗಂಟೆ ಅಲ್ಲ, ತಿಂಗಳು ಕಾಯಬೇಕು. ಹೊರಗಿನಿಂದ ಬಂದವರು ರಾತ್ರಿ ಒಂಬತ್ತಕ್ಕೆ ಎ.ಸಿ. ಹೋಟೆಲಿಗೆ ಹೋಗಿ ಜೋಳದ ರೊಟ್ಟಿ ಕೇಳ್ತಾರೆ. ತಣ್ಣಗಾದದ್ದನ್ನು ಮತ್ತೆ ಬಿಸಿ ಮಾಡಿ ತಂದಿಡ್ತಾರೆ. ಇಷ್ಟೇನಾ ಕಲಬುರಗಿ ರೊಟ್ಟಿ ಅಂದುಕೊಂಡು ಅವರು ಎದ್ದು ಹೋಗ್ತಾರೆ. ನನಗೆ ನಿಜವಾಗಿಯೂ ಸಂಕಟ ಆಗುತ್ತೆ. ಅದಕ್ಕೇ ಇಷ್ಟೆಲ್ಲ ಬರೀತಿರೋದು.

ಮೊದಲ ಭಾನುವಾರ ಮೂರೂ ಜನ ಖಾನಾವಳಿಗೆ ಹೋಗಿ. ಬಸ್ ಸ್ಟ್ಯಾಂಡ್ ಹತ್ತಿರ, ಸೂಪರ್ ಮಾರ್ಕೆಟ್ ಸುತ್ತಮುತ್ತ, ಗಂಜ್ (ಕಾಳುಕಡಿ ಮಾರುಕಟ್ಟೆ) ಕಡೆ ಬೇಕಾದಷ್ಟಿವೆ. ಬೋರ್ಡಿನ ಮೇಲೆ ಬಸವೇಶ್ವರ, ಶರಣಬಸವೇಶ್ವರ, ಲಿಂಗಾಯತ ಖಾನಾವಳಿ ಅಂತ ಇರುತ್ತೆ. ಯಾವುದು ಒಳ್ಳೇದು ಅಂತ ತಿಳ್ಕೊಳ್ಳೋಕೆ ನಾನು ಒಂದೇ ನೋಡೋದು. ರೊಟ್ಟಿ ಬಡಿಯುವ ಸಪ್ಪಳ ಊಟದ ಮನೆವರೆಗೆ ಕೇಳಿಸಬೇಕು. ಕೇಳಿಸಿದರೆ ಕೂತ್ಕೊಳ್ಳಿ. ಇಲ್ಲದಿದ್ದರೆ ಬೆಳಿಗ್ಗೆಯೇ ಬಡಿದಿಟ್ಟಿದ್ದಾರೆ ಅಂತ ಅರ್ಥ, ಮುಂದಿನದಕ್ಕೆ ನಡೀರಿ.

ಸಾಧ್ಯ ಆದರೆ ಒಳಗೆ ಇಣುಕಿ ನೋಡಿ, ಯಾರೂ ಬೇಡ ಅನ್ನೋದಿಲ್ಲ. ಒಲೆ ಮುಂದೆ ಕೂತ ಅಕ್ಕಾರು ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದು, ಕೈ ಸುಡುತ್ತಿದ್ದರೂ ನಾದುತ್ತಾರೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರೋದಿಲ್ಲ. ಬಿಸಿ ನೀರು ಬಿದ್ದರೇನೇ ಹಿಟ್ಟು ಕೂಡಿಕೊಳ್ಳೋದು. ಆಮೇಲೆ ಉಂಡೆಗೆ ಒಣ ಹಿಟ್ಟು ಹಚ್ಚಿ ಅಂಗೈಯಿಂದ ತಟ್ಟುತ್ತಾರೆ. ಬಡಿದ ಹಾಗೆ ರೊಟ್ಟಿ ತಾನೇ ಸುತ್ತುತ್ತಾ ಅಗಲ ಆಗುತ್ತೆ, ಲಟ್ಟಣಿಗೆ ಬೇಕಾಗೋದೇ ಇಲ್ಲ. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ಮಗುಚಬೇಕು. ತಡ ಆದರೆ ಬಿರಿಯುತ್ತೆ. ಕೊನೆಗೆ ಕೆಂಡಕ್ಕೋ ಉರಿಗೋ ಒಡ್ಡಿದಾಗ ಪೂರ್ತಿ ಉಬ್ಬುತ್ತೆ. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೆ ಎಷ್ಟು ನುರಿತ ಕೈ ಇದ್ದರೂ ಅಂಚು ಒಡೆಯುತ್ತೆ. ಹಿಟ್ಟಿನ ಜಿಗಿ ಹೋಗಿದೆ ಅಂತಾರೆ. ನಮ್ಮ ಕಡೆ ಮನೆಗಳಲ್ಲಿ ಜೋಳವನ್ನು ಸ್ವಲ್ಪ ಸ್ವಲ್ಪವೇ ಗಿರಣಿಗೆ ಕಳಿಸೋದು ಅದಕ್ಕೇ. ಬೀಸೋಕೆ ಕೊಡೋದು ಹಿಂಗಾರಿನ ಬಿಳಿಜೋಳ. ಅದರಲ್ಲೂ ಮಾಲದಂಡಿ ಅಂದರೆ ನಮ್ಮವರಿಗೆ ಪ್ರಾಣ.

ತಟ್ಟೆಗೆ ಏನೇನು ಬರುತ್ತೆ ಅಂದರೆ, ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ, ಹೆಚ್ಚಿನ ಕಡೆ ಬದನೆಕಾಯಿ ಎಣಗಾಯಿ. ಬಗಲಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ನಿಮ್ಮ ಚಟ್ನಿ ಪುಡಿ), ಕೆಂಪು ಖಾರ, ಗಟ್ಟಿ ಮೊಸರು. ಜೊತೆಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಎಳೆ ಮೆಂತ್ಯದ ತಪ್ಪಲು. ಬೆಂಗಳೂರಿನವರು ಈ ತಪ್ಪಲನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ. ರೊಟ್ಟಿ ತುಣುಕಿನಲ್ಲಿ ಎಣಗಾಯಿಯ ಮಸಾಲೆ ಹಿಡಿದು ಬಾಯಿಗಿಟ್ಟು, ಮೇಲೆ ಎರಡು ಎಲೆ ಮೆಂತ್ಯ ಕಡಿಯಿರಿ. ಆ ಕಹಿ ಎಣ್ಣೆಯನ್ನೂ ಖಾರವನ್ನೂ ಎರಡನ್ನೂ ತಡೆಯುತ್ತೆ. ಪುಂಡಿ ಪಲ್ಯ ಮಾಡಿದ್ದರೆ ಕೇಳಿ ಹಾಕಿಸಿಕೊಳ್ಳಿ. ಹುಳಿ ಸೊಪ್ಪಿಗೆ ಬೇಳೆಯೋ ಜೋಳದ ನುಚ್ಚೋ ಕೂಡಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿರ್ತಾರೆ. ನನ್ನ ಮಟ್ಟಿಗೆ ನಮ್ಮ ಸೀಮೆಯಲ್ಲಿ ಅದನ್ನು ಮೀರಿಸುವ ಪಲ್ಯ ಇಲ್ಲ.

ಬಡಿಸುವವರು "ಇನ್ನೊಂದ್ ತಗೋರೀ, ಬಿಸಿ ಅದ" ಅಂತ ಬರ್ತಾನೇ ಇರ್ತಾರೆ. ರೊಟ್ಟಿ ಎಣಿಸುವ ಪದ್ಧತಿ ಎಷ್ಟೋ ಕಡೆ ಇಲ್ಲ. ಸಾಕಾದರೆ ತಟ್ಟೆ ಮೇಲೆ ಕೈ ಅಡ್ಡ ಹಿಡಿದು "ಸಾಕ್ರೀ ಅಣ್ಣಾರ" ಅನ್ನಿ. ಬಾಯಲ್ಲಿ ಮಾತ್ರ ಬೇಡ ಅಂದರೆ ಸಂಕೋಚ ಪಡ್ತಿದ್ದಾರೆ ಅಂದುಕೊಂಡು ಮತ್ತೊಂದು ಹಾಕಿಬಿಡ್ತಾರೆ.

ಅನ್ನಕ್ಕೆ ಬರುವ ಬ್ಯಾಳಿ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಅಂತಾರೆ, ನಿಮಗೂ ಗೊತ್ತಿರುತ್ತೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನೋ ಸರ್ಕಾರಿ ಗುರುತು, ಕೂಡ ಸಿಕ್ಕಿತು. ಕಪ್ಪು ಮಣ್ಣಿನ ಸತ್ವದಿಂದ ರುಚಿ ಬರುತ್ತೆ, ಬೇಗ ಬೇಯುತ್ತೆ ಅನ್ನೋದು ಇಲ್ಲಿನವರ ಹೆಮ್ಮೆ. ಆದರೆ ಅಡುಗೆ ಮನೆಯಲ್ಲಿ ಅದರ ಮೇಲೆ ಕೈಚಳಕ ತೋರಿಸೋದು ಕಡಿಮೆ. ಬೇಯಿಸಿ, ಕಡೆದು, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಒಗ್ಗರಣೆ ಕೊಡ್ತಾರೆ, ಅಷ್ಟೇ. ಬೇಳೆಯೇ ಚೆನ್ನಾಗಿದ್ದಾಗ ಇನ್ನೇನು ಬೇಕು ಹೇಳಿ? ಮನೆಗೆ ಬೇಳೆ ತರುವಾಗ ಪ್ಯಾಕೆಟ್ ಬಿಟ್ಟು ಗಂಜ್‌ಗೆ ಹೋಗಿ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬಂದಾಗ ಮಾರುಕಟ್ಟೆ ತುಂಬಿ ತುಳುಕುತ್ತೆ.

ಈಗ ನಿಮ್ಮ ಪಾಲಿನದು, ಅಂದರೆ ಮಾಂಸದ ಅಡುಗೆ. ಇದಕ್ಕೆ ಬೆಳಿಗ್ಗೆ ಬೇಗ ಏಳಬೇಕು. ಬಹಮನಿಯವರು 1347ರಲ್ಲಿ ರಾಜಧಾನಿ ಮಾಡಿಕೊಂಡ ಊರು ಇದು. ಆಮೇಲೆ ಕಾಲ ಉರುಳಿ ಹೈದರಾಬಾದ್ ನಿಜಾಮರ ಕೈಗೆ ಬಂತು, 1948ರವರೆಗೆ ಅವರದೇ ಆಳ್ವಿಕೆ. ಆ ಕಾಲದ ಅಡುಗೆ ಇವತ್ತಿಗೂ ಮುಸ್ಲಿಂ ಚೌಕ್, ದರ್ಗಾ ರಸ್ತೆ ಕಡೆಯ ಸಣ್ಣ ಹೋಟೆಲುಗಳಲ್ಲಿ ಇದೆ. ಅಲ್ಲಿನ ತಹರಿ ತಿನ್ನದೆ ಕಲಬುರಗಿ ನೋಡಿದೆ ಅನ್ನೋ ಹಾಗಿಲ್ಲ. ಅಕ್ಕಿ, ಮಾಂಸ, ಅರಿಶಿನ, ಮಸಾಲೆ ಎಲ್ಲ ಒಂದೇ ಹಂಡೆಯಲ್ಲಿ ಬೇಯುತ್ತೆ. ಬಿರಿಯಾನಿಯ ಹಾಗೆ ಪದರ ಹಾಕಿ ದಮ್ ಕಟ್ಟೋದಿಲ್ಲ. ಮಾಂಸದ ರಸವನ್ನು ಅನ್ನವೇ ಕುಡಿದಿರುತ್ತೆ. ಹಳದಿ ಬಣ್ಣ, ಸ್ವಲ್ಪ ಮೆತ್ತಗೆ, ಖಾರ ಹದವಾಗಿ. ಮುಚ್ಚಳ ತೆಗೆದಾಗ ಮೊದಲು ಬಡಿಸಿಕೊಂಡವರ ಪುಣ್ಯ ಅದು. ಕೂಲಿಗೆ ಹೋಗುವವರು, ಆಟೋದವರು, ಕಾಲೇಜು ಹುಡುಗರು, ಎಲ್ಲರೂ ಅದೇ ಬೆಂಚಿನ ಮೇಲೆ ಕೂತು ಹೊಟ್ಟೆ ತುಂಬಿಸಿಕೊಂಡು ಹೋಗ್ತಾರೆ.

ಕೂರುವ ಮುಂಚೆ ಯಾವ ಮಾಂಸ ಅಂತ ಕೇಳಿ. ಕೆಲವು ಕಡೆ ದೊಡ್ಡದು, ಅಂದರೆ ದೊಡ್ಡ ಜಾನುವಾರಿನ ಮಾಂಸ, ಕೆಲವು ಕಡೆ ಮಟನ್. "ಛೋಟೇ ಕಾ ಯಾ ಬಡೇ ಕಾ" ಅಂದರೆ ಸಾಕು, ಮುಚ್ಚುಮರೆ ಇಲ್ಲದೆ ಹೇಳ್ತಾರೆ. ಅದು ಯಾರಿಗೂ ಅವಮಾನ ಅನ್ನಿಸೋದಿಲ್ಲ, ದಿನಾ ನಡೆಯುವ ಮಾತು. ತಹರಿ ಬೇಡ ಅಂದರೆ ನಿಹಾರಿ (ನಿಧಾನಕ್ಕೆ ಬೇಯಿಸಿದ ಮಾಂಸದ ಸಾರು), ಪಾಯಾ (ಕಾಲು ಸೂಪು) ಇವೆ, ಅವೂ ಬೆಳಗಿನ ಜಾವದವೇ. ರಂಜಾನ್ ತಿಂಗಳಲ್ಲಿ ಮಾತ್ರ ಹೊತ್ತು ತಿರುಗುಮುರುಗು. ಸಂಜೆ ರೋಜಾ ಬಿಟ್ಟ ಮೇಲೆ ಬೀದಿ ಎಚ್ಚರ ಆಗುತ್ತೆ. ಮಾಂಸ, ಗೋಧಿ, ಬೇಳೆ ಕೂಡಿಸಿ ಕಡೆದ ಹಲೀಮ್‌ಗೆ ಜನ ಮುಗಿಬೀಳ್ತಾರೆ. ನಿಮ್ಮ ಮನೆಯವರನ್ನೂ ಕರ್ಕೊಂಡು ಹೋಗಿ, ಅವರಿಗೆ ಖುಬಾನಿ ಕಾ ಮೀಠಾ (ಒಣ ಏಪ್ರಿಕಾಟ್ ಸಿಹಿ), ಡಬಲ್ ಕಾ ಮೀಠಾ (ಬ್ರೆಡ್ಡಿನ ಸಿಹಿ), ಹಣ್ಣು ಎಲ್ಲ ಸಿಗುತ್ತೆ. ಇನ್ನೊಂದು, ಖೋವಾ ತುಂಬಿದ ಪದರ ಪದರದ ಮಾಲ್‌ಪುರಿ ಕೇಳಿ ತಿನ್ನಿ. ನಮ್ಮೂರಿಂದ ಬೇರೆ ಊರಿಗೆ ಹೋಗುವವರು ಕಟ್ಟಿಸಿಕೊಂಡು ಹೋಗುವ ಸಿಹಿ ಅದು.

ಬಿರಿಯಾನಿ ಬಗ್ಗೆ ಹೆಚ್ಚು ಹೇಳಲ್ಲ. ಹೈದರಾಬಾದ್ ಹತ್ತಿರ ಇರೋದರಿಂದ ಎಲ್ಲ ಕಡೆ ಇದೆ, ಚೆನ್ನಾಗಿಯೂ ಇದೆ. ಇಡ್ಲಿ, ದೋಸೆಗೂ ಕೊರತೆ ಇಲ್ಲ. ಆದರೆ ಬೆಳಿಗ್ಗೆ ಸುಸಲಾ ಕಂಡರೆ ದೋಸೆ ಬಿಟ್ಟು ಅದನ್ನೇ ತಗೊಳ್ಳಿ. ಚುರುಮುರಿಯನ್ನು ನೀರಲ್ಲಿ ಅದ್ದಿ ಹಿಂಡಿ, ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿರ್ತಾರೆ. ಸಂಜೆ ಅಪ್ಪನ ಕೆರೆ ಕಡೆ ಅಡ್ಡಾಡಿ ಬಂದು ಬಿಸಿ ಮಿರ್ಚಿ ತಿಂದರೆ ದಿನ ಮುಗಿದ ಹಾಗೆ.

ತಿಂಗಳು ಕಾಯಬೇಕಾದ ಪದಾರ್ಥ ಅಂದೆನಲ್ಲ, ಅದರಲ್ಲಿ ಮೊದಲನೆಯದು ಎಳ್ಳ ಅಮಾವಾಸ್ಯೆಯ ಭಜ್ಜಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತೆ. ಆ ದಿನ ಊರು ಖಾಲಿ, ಎಲ್ಲರೂ ಹೊಲದಲ್ಲಿ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಾಗಿ ಇರುತ್ತೋ ಅದೆಲ್ಲ ಭಜ್ಜಿಗೆ ಬೀಳುತ್ತೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪಾಲಕ, ಬದನೆ, ಗಜ್ಜರಿ. ಹುಣಸೆ ಹುಳಿ, ಹಸಿಮೆಣಸಿನಕಾಯಿ ಹಾಕಿ, ಕಡಲೆ ಹಿಟ್ಟು ಕಲಸಿ ಗಟ್ಟಿಯಾಗಿ ಕುದಿಸ್ತಾರೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಅಂಬಲಿ. ಮೊದಲು ಬೆಳೆಗೆ ಚರಗ ಚೆಲ್ಲಿ, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚಿಮುಕಿಸಿ, ಆಮೇಲೆ ಎಲ್ಲರೂ ಸಾಲಾಗಿ ಕೂತು ಊಟ. ಭಜ್ಜಿ ಮರುದಿನ ಇನ್ನೂ ರುಚಿ ಆಗುತ್ತೆ. ಯಾವ ಹೋಟೆಲಿನಲ್ಲಿ ಮಾಡಿದರೂ ಇದರ ಹತ್ತಿರ ಬರೋದಿಲ್ಲ. ಆಫೀಸಿನಲ್ಲಿ ಯಾರಾದರೂ "ಹೊಲಕ್ಕ ಬರ್ರೀ ಸರ್" ಅಂದರೆ ಬಾಯಿಮಾತು ಅಂದುಕೊಳ್ಳಬೇಡಿ. ನಿಜವಾಗಿಯೇ ಕರೀತಿದ್ದಾರೆ. ಮಗಳನ್ನೂ ಕರ್ಕೊಂಡು ಹೋಗಿ.

ಆಮೇಲೆ ಸೀತನಿ. ಜೋಳದ ತೆನೆ ಹಾಲುಗಾಳು ಇರುವಾಗಲೇ ಕಿತ್ತು, ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನೋದು. ಕೆಲವೇ ವಾರ ಸಿಗುತ್ತೆ. ಮಾರ್ಚ್ ಸುಮಾರಿಗೆ, ಹೋಳಿ ಆದ ಮೇಲೆ ಶರಣಬಸವೇಶ್ವರರ ಜಾತ್ರೆ. ತೇರು ನೋಡಿ, ಬೆಂಡು ಬೆತ್ತಾಸು ಕೊಳ್ಳಿ. ಶರಣಬಸವೇಶ್ವರರನ್ನು ಮಹಾದಾಸೋಹಿ ಅಂತಲೇ ಕರೀತಾರೆ. ಬಂದವರಿಗೆ ಉಣ್ಣಿಸೋದನ್ನೇ ಪೂಜೆ ಅಂತ ಬದುಕಿದವರು ಅವರು, ಕಾಲವಾದದ್ದು 1822ರಲ್ಲಿ. ಗುಡಿಯಲ್ಲಿ ದಾಸೋಹದ ಊಟಕ್ಕೆ ಒಮ್ಮೆಯಾದರೂ ಕೂತ್ಕೊಳ್ಳಿ. ಅದರ ರುಚಿಗೆ ಅಂಕ ಕೊಡೋಕೆ ಹೋಗಬೇಡಿ.

ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತೆ. ಆಗ ಮಧ್ಯಾಹ್ನ ಎಣಗಾಯಿಯ ಆಸೆ ಬಿಟ್ಟು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಳ್ಳಿ, ಹಸಿ ಉಳ್ಳಾಗಡ್ಡಿ ಕಡಿಯಿರಿ. ಹೊಟ್ಟೆ ತಣ್ಣಗಿರುತ್ತೆ. ಬಿಸಿಲಲ್ಲಿ ತಿರುಗುವ ಕೆಲಸ ಇದ್ದರಂತೂ ಇದನ್ನು ತಪ್ಪಿಸಲೇಬೇಡಿ.

ಇನ್ನು ಮಗಳ ಖಾರದ ಪ್ರಶ್ನೆ. ಚಿಂತೆ ಮಾಡಬೇಡಿ. ಇಲ್ಲಿನ ಮಕ್ಕಳೇನೂ ಹುಟ್ಟಿದಾಗಲೇ ಕೆಂಪು ಖಾರ ತಿನ್ನೋದಿಲ್ಲ. ಖಾನಾವಳಿಯಲ್ಲಿ "ಹುಡುಗಿಗೆ ಸಪ್ಪನ್ ಬ್ಯಾಳಿ ಕೊಡ್ರೀ" ಅಂತ ಮೊದಲೇ ಹೇಳಿ. ಒಗ್ಗರಣೆ ಹಾಕುವ ಮುಂಚಿನ ಬೇಳೆ ತೆಗೆದು ಕೊಡ್ತಾರೆ, ಮೇಲೆ ತುಪ್ಪ. ಬಿಸಿ ರೊಟ್ಟಿಯನ್ನು ಹಾಲಿಗೋ ಮೊಸರಿಗೋ ಚೂರು ಮಾಡಿ ಹಾಕಿ, ಸಕ್ಕರೆ ಅಥವಾ ಬೆಲ್ಲ ಕೂಡಿಸಿ ಕೊಡಿ. ನಾವೆಲ್ಲ ಅದರಲ್ಲೇ ದೊಡ್ಡವರಾದದ್ದು. ಖಾರ ಕಲಿಸಬೇಕು ಅಂದರೆ ಶೇಂಗಾ ಹಿಂಡಿಗೆ ಮೊಸರು ಜಾಸ್ತಿ ಹಾಕಿ ಶುರು ಮಾಡಿ. ಅಗಸಿ ಹಿಂಡಿ ಆಮೇಲೆ, ಕೆಂಪು ಖಾರ ಎಲ್ಲಕ್ಕಿಂತ ಕೊನೆಗೆ.

ಬಾಡಿಗೆ ಮನೆ ಹಿಡಿದ ಮೇಲೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಾರು ಯಾರು ಅಂತ ವಿಚಾರಿಸಿ. ಹೆಚ್ಚಿನ ಓಣಿಗಳಲ್ಲಿ ಒಬ್ಬರಾದರೂ ಇರ್ತಾರೆ. ಬೆಳಿಗ್ಗೆ ಇಷ್ಟು ಬೇಕು ಅಂತ ಹೇಳಿಟ್ಟರೆ ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ ಸಿದ್ಧ ಇರುತ್ತೆ. ಕಡಕ್ ರೊಟ್ಟಿಯನ್ನೂ ಅವರ ಹತ್ತಿರವೇ ತಗೊಳ್ಳಿ, ತಿಂಗಳಾದರೂ ಕೆಡೋದಿಲ್ಲ. ಯಾವ ಬಡಾವಣೆಯಲ್ಲಿ ಮನೆ ಸಿಕ್ಕಿತು ಅಂತ ಇಲ್ಲೇ ಬರೀರಿ, ಅಲ್ಲಿಗೆ ಹತ್ತಿರದ ಖಾನಾವಳಿ ಯಾವುದು, ಎಷ್ಟು ಗಂಟೆಗೆ ಹೋಗಬೇಕು ಅಂತ ಹೇಳ್ತೀನಿ.