ಎರಡನೇ ತರಗತಿಗೆ ಹೋಂವರ್ಕ್ ಎಷ್ಟಿರಬೇಕು?

ಎರಡನೇ ತರಗತಿಯ ಮಗಳಿಗೆ ನಿತ್ಯವೂ ಒಂದೂವರೆ ಗಂಟೆಯ ಹೋಂವರ್ಕ್ ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಸರಿಯಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡುವಂತೆಯೇ ಇಲ್ಲ; ಮೂರರಿಂದ ಐದನೇ ತರಗತಿಯವರಿಗೂ ಹೆಚ್ಚೆಂದರೆ 2 ಗಂಟೆ, ಅದೂ ದಿನಕ್ಕಲ್ಲ, ವಾರಕ್ಕೆ. ಒಂದು ಮತ್ತು ಎರಡನೇ ತರಗತಿಯ ಚಿಕ್ಕ ಮಕ್ಕಳು ಬಹಳ ಹೊತ್ತು ಒಂದೆಡೆ ಕುಳಿತಿರಲಾರರಾದ್ದರಿಂದ, ಹೋಂವರ್ಕ್ ಬದಲು, ಸಂಜೆ ಯಾವ ಆಟವಾಡಿದರು, ಏನು ತಿಂದರು ಎಂಬುದನ್ನು ತರಗತಿಯಲ್ಲಿ ಅವರಿಂದಲೇ ಹೇಳಿಸಬೇಕೆಂದು ಆ ನೀತಿ ಸೂಚಿಸುತ್ತದೆ. ಕರ್ನಾಟಕ ಸರ್ಕಾರದ 2019ರ ಆದೇಶವೂ ಒಂದು ಮತ್ತು ಎರಡನೇ ತರಗತಿಗಳಿಗೆ ಹೋಂವರ್ಕ್ ಬೇಡವೆಂದೇ ಹೇಳಿತ್ತು. ಪುಟ ತುಂಬಿದ ನೋಟ್‌ಬುಕ್ ಬಯಸುವ ಪೋಷಕರ ಒತ್ತಾಯಕ್ಕೆ ಮಣಿದು ಬರೆಸುವ ಶಾಲೆಗಳೂ ಇವೆಯೆನ್ನಿ. ಮುಂದಿನ ಪೋಷಕರ ಸಭೆಗೆ ನೀತಿಯ ಪ್ರತಿಯೊಂದನ್ನು ಒಯ್ದು, ಮೊದಲು ತರಗತಿ ಶಿಕ್ಷಕಿಯೊಂದಿಗೆ ಸೌಜನ್ಯದಿಂದ ಮಾತನಾಡಿ.